ಸಮುದ್ರಕ್ಕೆ ಬುಲ್ಡೋಜರ್ ನೂಕಿದ ಮಹನೀಯರಿಗೆ

ಗೆ,
ಸೀಬೀ ಎಂಬ ಕಟ್ಟಡಪಡೆಯ ಇಂಜಿನಿಯರುಗಳು, ಲಾರಿ ಚಾಲಕರು ಹಾಗೂ ಅವರಿಗೆ ಹುಕುಂ ಕೊಟ್ಟ ದೊಡ್ಡವರು,
ಅಮೆರಿಕದ ನೌಕಾಪಡೆ,
ಎಸ್ಪಿರಿಟು ಸಾಂಟೊ ದ್ವೀಪ, ಶಾಂತಸಾಗರ (ಯುದ್ಧಕಾಲದ ವಿಳಾಸ)

ಮಾನ್ಯರೆ,

ನಿಮ್ಮಲ್ಲಿ ಬಹುಪಾಲು ಮಂದಿ ಈಗ ಈ ಲೋಕದಲ್ಲಿಲ್ಲ ಎಂಬುದು ಗೊತ್ತು. ಆದರೂ ಕೃತಜ್ಞತೆ ಬಾಕಿ ಉಳಿಸಿಕೊಳ್ಳಬಾರದು ನೋಡಿ, ಅದಕ್ಕೇ ಈ ಪತ್ರ. ಎರಡನೇ ಮಹಾಯುದ್ಧ ಮುಗಿದ ಮೇಲೆ ನೀವು ಲುಗನ್‌ವಿಲ್ ಊರಿನ ಪಕ್ಕದ ದಂಡೆಯಲ್ಲಿ ಒಂದು ಇಳಿಜಾರು ಕಟ್ಟಿ, ಒಳ್ಳೆಯ ಸ್ಥಿತಿಯಲ್ಲಿದ್ದ ಲಾರಿ, ಜೀಪು, ಕ್ರೇನು, ಬುಲ್ಡೋಜರುಗಳನ್ನು ಒಂದರ ಹಿಂದೊಂದು ಸಮುದ್ರಕ್ಕೆ ನೂಕಿದಿರಿ. ಆ ಜಾಗಕ್ಕೆ ಇವತ್ತು ಮಿಲಿಯನ್ ಡಾಲರ್ ಪಾಯಿಂಟ್ ಎಂದು ಹೆಸರು. ಅದನ್ನು ನೋಡಲು ಜನ ಮೂರು ನಾಲ್ಕು ವಿಮಾನ ಬದಲಿಸಿ ಬರುತ್ತಾರೆ. ಪ್ರವಾಸಿ ಕಂಪನಿಗಳ ಹೊತ್ತಗೆಯಲ್ಲಿ ಈ ದ್ವೀಪಕ್ಕೆ ಬರಲು ಮೂರು ಕಾರಣ ಹೇಳಿರುತ್ತಾರೆ: ನಿಸರ್ಗ, ಇತಿಹಾಸ, ಡೈವಿಂಗ್. ಮೂರರಲ್ಲಿ ಎರಡು ನಿಮ್ಮ ಕೊಡುಗೆ. ಮೊದಲನೆಯದು ಮಾತ್ರ ನೀವು ಬರುವ ಮುಂಚೆಯೇ ಅಲ್ಲಿತ್ತು.

ನಮ್ಮ ಕಡೆಯ ಓದುಗರಿಗೆ ಈ ದೇಶವನ್ನು ಪರಿಚಯಿಸುವುದು ಈಗ ಸುಲಭವಾಗಿದೆ. ಐಪಿಎಲ್ ಕಟ್ಟಿದ ಲಲಿತ್ ಮೋದಿಯವರು ಪೌರತ್ವ ಕೊಂಡುಕೊಂಡ, 2025ರ ಮಾರ್ಚ್‌ನಲ್ಲಿ ಅಲ್ಲಿನ ಪ್ರಧಾನಿಯೇ ಮೋದಿಯವರ ಪಾಸ್‌ಪೋರ್ಟ್ ರದ್ದುಮಾಡಲು ಹೇಳಿದ ದೇಶ ಯಾವುದು ಎಂದರೆ ಸಾಕು, ವನುವಾಟು ಎಂದು ಎಲ್ಲರೂ ಹೇಳುತ್ತಾರೆ. ಆ ದೇಶದ ದ್ವೀಪಗಳಲ್ಲೆಲ್ಲ ದೊಡ್ಡದು ಸಾಂಟೊ. ವಿಸ್ತಾರದಲ್ಲಿ ನಮ್ಮ ಕೊಡಗಿಗಿಂತ ಒಂದಿಷ್ಟೇ ಚಿಕ್ಕದು. ಪಶ್ಚಿಮಕ್ಕೆ ಕಡಿದಾದ ಬೆಟ್ಟಸಾಲು, ಅದರಲ್ಲಿ ದೇಶದ ಅತಿ ಎತ್ತರದ ಶಿಖರ, 1,879 ಮೀಟರಿನ ತಬ್ವೆಮಸಾನ. ಪೂರ್ವಕ್ಕೆ ಸುಣ್ಣಕಲ್ಲಿನ ಸಮತಟ್ಟು ನೆಲ, ತೆಂಗಿನ ತೋಟ, ತೋಟದ ನೆರಳಲ್ಲಿ ಮೇಯುವ ದನ. 1606ರಲ್ಲಿ ಕೇರೋಸ್ ಎಂಬ ನಾವಿಕ ಸ್ಪೇನಿನ ದೊರೆಯ ಪರವಾಗಿ ಬಂದು, ದಕ್ಷಿಣದ ಮಹಾಖಂಡವೇ ಸಿಕ್ಕಿತೆಂದು ಹಿಗ್ಗಿ ಪವಿತ್ರಾತ್ಮನ ಹೆಸರಿಟ್ಟು, ಕೆಲವೇ ವಾರಗಳಲ್ಲಿ ಜಾಗ ಖಾಲಿ ಮಾಡಿದ. ಹೊರಗಿನವರು ಬರುವುದು, ಹೆಸರಿಡುವುದು, ಹೊರಟುಹೋಗುವುದು ಇಲ್ಲಿ ಹಳೆಯ ಸಂಪ್ರದಾಯ. ನೀವು ಅದನ್ನು ಮುರಿಯಲಿಲ್ಲ ಅಷ್ಟೇ.

ನೀವು ಬಂದದ್ದು 1942ರಲ್ಲಿ. ನಿಮ್ಮ ಗುಪ್ತಭಾಷೆಯಲ್ಲಿ ಸಾಂಟೊ ದ್ವೀಪಕ್ಕೆ 'ಬಟನ್ಸ್' ಎಂದು ಹೆಸರು. ಗ್ವಾಡಲ್‌ಕೆನಾಲ್‌ನಲ್ಲಿ ಜಪಾನಿನ ಜೊತೆ ಕಾದಾಡುವ ಸೈನ್ಯಕ್ಕೆ ಇದೇ ಹಿಂದಿನ ನೆಲೆ. ತೆಂಗಿನ ತೋಟ ಸೀಳಿ ವಿಮಾನಪಟ್ಟಿ ಹಾಕಿದಿರಿ, ಹಡಗುಕಟ್ಟೆ, ಆಸ್ಪತ್ರೆ, ಸಿನಿಮಾ ಪರದೆ ಎಲ್ಲ ಎದ್ದವು. ಅರ್ಧ ಪೀಪಾಯಿ ಬೋರಲು ಹಾಕಿದಂಥ ನಿಮ್ಮ ತಗಡಿನ ಕ್ವಾನ್ಸೆಟ್ ಗುಡಿಸಲುಗಳು ಇನ್ನೂ ಲುಗನ್‌ವಿಲ್‌ನಲ್ಲಿ ನಿಂತಿವೆ. ಸಣ್ಣ ಊರಿಗೆ ಅಷ್ಟಗಲದ ಮುಖ್ಯರಸ್ತೆ ಯಾಕೆ ಎಂದರೆ, ನಿಮ್ಮ ವಾಹನಗಳು ಸಾಲಾಗಿ ಅಕ್ಕಪಕ್ಕ ಹೋಗಬೇಕಿತ್ತಂತೆ. ಇಂದಿನ ಪೆಕೋವಾ ವಿಮಾನ ನಿಲ್ದಾಣವೂ ನಿಮ್ಮ ಬಾಂಬರುಗಳಿಗೆಂದು ಹಾಕಿದ್ದೇ. ಜೇಮ್ಸ್ ಮಿಷೆನರ್ ಎಂಬ ನಿಮ್ಮ ಅಧಿಕಾರಿಯೊಬ್ಬರು ಇಲ್ಲಿದ್ದುಕೊಂಡು ಬರೆದ ಕಥೆಗಳಿಗೆ 1948ರಲ್ಲಿ ಪುಲಿಟ್ಜರ್ ಬಂತು. ಇಲ್ಲಿಂದ ದೂರದಲ್ಲಿ ಮಂಜುಮಂಜಾಗಿ ಕಾಣುವ ಅಂಬೇ ದ್ವೀಪ ಅವರ ಕೈಯಲ್ಲಿ 'ಬಾಲಿ ಹಾಯ್' ಎಂಬ ಸ್ವರ್ಗವಾಯಿತು. ಆ ಸ್ವರ್ಗ ಒಂದು ಜೀವಂತ ಜ್ವಾಲಾಮುಖಿ. 2017ರಲ್ಲಿ ಅದು ಕೆರಳಿದಾಗ ದ್ವೀಪದ ಅಷ್ಟೂ ಜನರನ್ನು, ಸುಮಾರು 11,000 ಮಂದಿಯನ್ನು, ದೋಣಿ ಹತ್ತಿಸಿ ಬೇರೆಡೆ ಸಾಗಿಸಬೇಕಾಯಿತು. ಬಂದವರಲ್ಲಿ ಬಹಳಷ್ಟು ಮಂದಿಗೆ ಆಸರೆ ಕೊಟ್ಟದ್ದು ಇದೇ ಸಾಂಟೊ.

ಜಪಾನಿಯರು ಸಾಂಟೊಗೆ ಕಾಲಿಡಲಿಲ್ಲ. ಆಗೊಮ್ಮೆ ಈಗೊಮ್ಮೆ ಅವರ ವಿಮಾನ ಬಂದು ಬಾಂಬು ಹಾಕಿದ್ದರಲ್ಲಿ ಸತ್ತದ್ದು ಒಂದು ಹಸು ಎಂದು ಅಲ್ಲಿ ಕಥೆ ಹೇಳುತ್ತಾರೆ. ಇಲ್ಲಿ ನಿಮ್ಮ ದೊಡ್ಡ ಹಡಗುಗಳನ್ನು ಮುಳುಗಿಸಿದ ಗೌರವ ಮಾತ್ರ ಜಪಾನಿನದಲ್ಲ, ನಿಮ್ಮದೇ. 1942ರ ಆಗಸ್ಟ್ ಮೊದಲ ವಾರ ಸೆಗೊಂಡ್ ಜಲಸಂಧಿಯ ಬಾಯಲ್ಲಿ ನೀವು ನೆಲಬಾಂಬಿನ ನೀರಿನ ತಮ್ಮಂದಿರನ್ನು ಹುದುಗಿಸಿಟ್ಟಿರಿ. ನಿಮ್ಮದೇ ಯುದ್ಧನೌಕೆ 'ಟಕರ್'ಗೆ ಈ ವಿಷಯ ಹೇಳುವವರು ಯಾರೂ ಇರಲಿಲ್ಲ. ಅದೇ ವಾರ ಅದು ಬಂದು ತಾಗಿ ಎರಡು ತುಂಡಾಯಿತು. ಇಷ್ಟಾದ ಮೇಲೆ ಬರುವ ಹಡಗುಗಳಿಗೆಲ್ಲ ದಾರಿ ಸರಿಯಾಗಿ ತಿಳಿಸುತ್ತೀರಿ ಎಂದು ಯಾರಾದರೂ ಭಾವಿಸಬಹುದಿತ್ತು. ಮೂರು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 26ರಂದು, 'ಪ್ರೆಸಿಡೆಂಟ್ ಕೂಲಿಜ್' ಬಂತು.

ಕೂಲಿಜ್ ಎಂದರೆ ಸಾಮಾನ್ಯ ಹಡಗಲ್ಲ. 1931ರಲ್ಲಿ ನೀರಿಗಿಳಿದ, ಸುಮಾರು 200 ಮೀಟರ್ ಉದ್ದದ ವಿಲಾಸಿ ನೌಕೆ. ಎರಡು ಈಜುಕೊಳ, ಧೂಮಪಾನಕ್ಕೇ ಒಂದು ಸಿಂಗಾರದ ಕೋಣೆ. ಯುದ್ಧ ಬಂದಾಗ ಅದಕ್ಕೆ ಬೂದುಬಣ್ಣ ಬಳಿದು ಸೈನ್ಯ ಸಾಗಿಸಲು ಬಿಟ್ಟಿರಿ. ಅಂದು ಅದರಲ್ಲಿದ್ದದ್ದು 5,340 ಮಂದಿ. ಕ್ಯಾಪ್ಟನ್ ಹೆನ್ರಿ ನೆಲ್ಸನ್ ಅವರಿಗೆ ಕೊಟ್ಟಿದ್ದ ಆದೇಶದಲ್ಲಿ ಆ ನೀರುಬಾಂಬುಗಳ ಮಾತೇ ಇರಲಿಲ್ಲ. ಜಪಾನಿನ ಸಬ್‌ಮರೀನ್ ಭಯಕ್ಕೆ ಬೇಗ ಬಂದರು ಸೇರೋಣವೆಂದು ದೊಡ್ಡ ದಾರಿಯಲ್ಲೇ ಒಳನುಗ್ಗಿದರು. ಎರಡು ಸ್ಫೋಟ. ಕ್ಯಾಪ್ಟನ್ ಹಡಗನ್ನು ಸೀದಾ ದಂಡೆಯ ಹವಳದ ದಿಬ್ಬಕ್ಕೆ ಹತ್ತಿಸಿ, ಎಲ್ಲರೂ ಇಳಿಯಿರಿ ಎಂದರು. ನೆಲ ತಾಗಿದ ಹಡಗು ಎಲ್ಲಿಗೆ ಹೋಗುತ್ತದೆ ಎಂಬ ನಂಬಿಕೆಯಲ್ಲಿ ಸೈನಿಕರು ಗಂಟುಮೂಟೆ ಅಲ್ಲೇ ಬಿಟ್ಟು, ನಾಳೆ ಬಂದು ತೆಗೆದುಕೊಂಡರಾಯಿತೆಂದು ಇಳಿದರು. ಸುಮಾರು ಒಂದೂವರೆ ಗಂಟೆಯಲ್ಲಿ ಹಡಗು ಎಡಕ್ಕೆ ವಾಲಿ ಇಳಿಜಾರಿನಲ್ಲಿ ಜಾರಿ ಮುಳುಗಿತು. ಸತ್ತವರು ಇಬ್ಬರೇ. ಒಬ್ಬರು ಎಂಜಿನ್ ಕೋಣೆಯಲ್ಲಿ ಸ್ಫೋಟಕ್ಕೆ ಸಿಕ್ಕವರು. ಇನ್ನೊಬ್ಬರು ಸೈನ್ಯದ ಕ್ಯಾಪ್ಟನ್ ಎಲ್‌ವುಡ್ ಯೂಆರ್ಟ್, ತಾವು ಪಾರಾಗಿದ್ದರೂ ಒಳಗೆ ಸಿಕ್ಕಿಕೊಂಡವರಿದ್ದಾರೆಂದು ಕೇಳಿ ಮತ್ತೆ ಒಳಹೊಕ್ಕವರು. ಅವರ ಅಸ್ಥಿ ಸಿಕ್ಕು, ಗುರುತು ಹತ್ತಿ, ಊರಿನ ಮಣ್ಣು ಸೇರಿದ್ದು 2016ರಲ್ಲಿ. ಈ ಪತ್ರದಲ್ಲಿ ವ್ಯಂಗ್ಯವಿಲ್ಲದೆ ನಮಸ್ಕಾರ ಹೇಳಬೇಕಾದ ಹೆಸರು ಇದೊಂದು.

ಹಡಗಿನ ಜೊತೆ ಮುಳುಗಿದ ಸರಕಿನಲ್ಲಿ ಕ್ವಿನೈನ್ ದಾಸ್ತಾನೂ ಇತ್ತು. ಮಲೇರಿಯಾದಿಂದ ಪಡೆಗಳೇ ಮಲಗುತ್ತಿದ್ದ ದ್ವೀಪಗಳಿಗೆ ಹೊರಟಿದ್ದ ಔಷಧ. ಸೊಳ್ಳೆಗಳ ಪರವಾಗಿಯೂ ಒಂದು ಧನ್ಯವಾದ ಸ್ವೀಕರಿಸಿ. ವಿಚಾರಣೆ ನಡೆದು ಕ್ಯಾಪ್ಟನ್ ನೆಲ್ಸನ್ ನಿರ್ದೋಷಿ ಎಂದಾಯಿತು. ಹಾಗಾದರೆ ದೋಷ ಯಾರದು ಎಂಬ ಪ್ರಶ್ನೆ, ಎಲ್ಲ ಸರ್ಕಾರಿ ಕಡತಗಳಲ್ಲಿ ಆಗುವಂತೆ, ತನ್ನಷ್ಟಕ್ಕೆ ತಣ್ಣಗಾಯಿತು.

ಈಗ ಕೂಲಿಜ್ ಎಷ್ಟು ಅನುಕೂಲವಾಗಿ ಮಲಗಿದೆ ಎಂದರೆ ನೋಡಲು ದೋಣಿಯೇ ಬೇಡ. ಸಿಲಿಂಡರ್ ಬೆನ್ನಿಗೇರಿಸಿ ದಂಡೆಯಿಂದ ನಡೆದುಕೊಂಡು ನೀರಿಗಿಳಿಯಬಹುದು. ಮುಂಭಾಗ ಸುಮಾರು 20 ಮೀಟರ್ ಆಳದಲ್ಲಿ, ಹಿಂಭಾಗ 70ರ ಹತ್ತಿರ. ಹಡಗು ಎಡಮಗ್ಗುಲಾಗಿ ಮಲಗಿರುವುದರಿಂದ ಗೋಡೆ ನೆಲವಾಗಿದೆ, ನೆಲ ಗೋಡೆಯಾಗಿದೆ. ಕ್ಷೌರದ ಕುರ್ಚಿ ಗೋಡೆಯಿಂದ ಅಡ್ಡಕ್ಕೆ ಚಾಚಿಕೊಂಡಿದೆ. ಈಜುಕೊಳದ ಟೈಲುಗಳು ಹಾಗೇ ಇವೆ. ನೀರು ತುಂಬಿದ ಹಡಗಿನೊಳಗೆ ಈಜುಕೊಳ ಹುಡುಕಿಕೊಂಡು ಈಜುವ ಯೋಗ ಎಲ್ಲರಿಗೂ ಬರುವುದಿಲ್ಲ. ಬಂದೂಕು, ಗ್ಯಾಸ್ ಮುಖವಾಡ, ಔಷಧದ ಬಾಟಲಿ, ಊಟದ ತಟ್ಟೆ, ಸರಕಿನ ಗೂಡಿನಲ್ಲಿ ಜೀಪುಗಳು. ಕತ್ತಲ ಕೋಣೆಗಳಲ್ಲಿ ಕಣ್ಣಿನಡಿ ಮಿಣುಕುದೀಪ ಹೊತ್ತ ಮೀನುಗಳ ಹಿಂಡು. ಧೂಮಪಾನದ ಕೋಣೆಯಲ್ಲಿದ್ದ ಪಿಂಗಾಣಿಯ ಉಬ್ಬುಚಿತ್ರ, ಒಂಟಿಕೊಂಬಿನ ಬಿಳಿ ಕುದುರೆಯ ಜೊತೆ ನಿಂತ ಹೆಂಗಸು, ಭೂಕಂಪಕ್ಕೆ ಕಳಚಿ ಬಿದ್ದಾಗ ಡೈವರುಗಳೇ ಅದನ್ನು ಎತ್ತಿ ಬೇರೆಡೆ ನಿಲ್ಲಿಸಿದರು. ಅಲ್ಲಿಗೆ ಹೋಗುವವರೆಲ್ಲ ಆಕೆಯನ್ನು ಕಂಡು ಬರುತ್ತಾರೆ. ಸುಮಾರು 40 ಮೀಟರ್ ಆಳ, ಸಾಮಾನ್ಯ ಡೈವರಿಗೆ ಅದೇ ಗಡಿ. ಅಷ್ಟು ಒತ್ತಡದಲ್ಲಿ ಉಸಿರಾಡಿದ ಸಾರಜನಕ ತಲೆಗೇರಿ ಒಂದು ಬಗೆಯ ಅಮಲು ಬರುತ್ತದೆ. ಪಿಂಗಾಣಿ ಹೆಂಗಸು ನನ್ನನ್ನು ನೋಡಿ ನಕ್ಕಳು ಎನ್ನುವವರ ಮಾತನ್ನು ಆ ಲೆಕ್ಕದಲ್ಲೇ ಕೇಳಿಸಿಕೊಳ್ಳಬೇಕು.

ಮೇಲೆ ಬರುವಾಗ ಆ ಸಾರಜನಕವನ್ನು ನಿಧಾನಕ್ಕೆ ಇಳಿಸಬೇಕು. ಕಡಿಮೆ ಆಳದಲ್ಲಿ ನಿಮಿಷಗಟ್ಟಲೆ ತೇಲುತ್ತ ಕಾಯಬೇಕು. 1969ರಲ್ಲಿ ಗುಜರಿ ಎತ್ತುವ ಕೆಲಸಕ್ಕೆ ಬಂದು, ಕೊನೆಗೆ ಹಡಗಿನ ಕಾವಲುಗಾರರಂತೆ ಅಲ್ಲೇ ನೆಲೆಸಿದ ಆಸ್ಟ್ರೇಲಿಯಾದ ಅಲನ್ ಪವರ್, ಕಾಯುವವರಿಗೆ ಬೇಸರವಾಗದಿರಲೆಂದು ಅಲ್ಲೊಂದು ಹವಳದ ತೋಟವನ್ನೇ ಬೆಳೆಸಿದರು. 1983ರಲ್ಲಿ, ಸ್ವತಂತ್ರವಾಗಿ ಮೂರು ವರ್ಷ ಕಳೆಯುತ್ತಲೇ, ವನುವಾಟು ಸರ್ಕಾರ ಕೂಲಿಜ್‌ನಿಂದ ಏನನ್ನೂ ಎತ್ತಕೂಡದೆಂದು ಆಜ್ಞೆ ಹೊರಡಿಸಿತು. ಅಷ್ಟು ಹೊತ್ತಿಗೆ ಪ್ರೊಪೆಲ್ಲರು, ಟ್ಯಾಂಕಿನ ತೈಲ ಮುಂತಾಗಿ ಕಾಸು ಬರುವಂಥದ್ದನ್ನು ಎತ್ತಿಯಾಗಿತ್ತು. ಉಳಿದದ್ದು ತುಕ್ಕು ಮತ್ತು ತಟ್ಟೆಗಳು. ಬಡ ದೇಶವೊಂದು ಪರರ ತಟ್ಟೆಗಳನ್ನು ಕಾನೂನು ಮಾಡಿ ಕಾಯುತ್ತಿದೆ.

ಇನ್ನು ನಿಮ್ಮ ಮುಖ್ಯ ಕೃತಿಗೆ ಬರುತ್ತೇನೆ.

ಆಗ ಈ ದ್ವೀಪಗಳನ್ನು ಆಳುತ್ತಿದ್ದದ್ದು ಬ್ರಿಟಿಷರು ಮತ್ತು ಫ್ರೆಂಚರು, ಇಬ್ಬರೂ ಒಟ್ಟಿಗೆ. 1906ರಿಂದ 1980ರವರೆಗೆ ಎರಡು ಪೊಲೀಸು, ಎರಡು ಜೈಲು, ಎರಡು ಕಾನೂನು, ಎರಡು ಬಗೆಯ ಶಾಲೆ. ಇಬ್ಬರ ನಡುವಿನ ವ್ಯಾಜ್ಯ ತೀರಿಸುವ ಜಂಟಿ ನ್ಯಾಯಾಲಯಕ್ಕೆ ಅಧ್ಯಕ್ಷರನ್ನು ನೇಮಿಸುವ ಹಕ್ಕು ಸ್ಪೇನಿನ ದೊರೆಗೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವಲ್ಲ, ಆ ಕೂಸಿಗೆ ಇಲ್ಲಿ ಪೌರತ್ವವೂ ಇರಲಿಲ್ಲ. ದ್ವೀಪದವರು ಬ್ರಿಟಿಷ್ ಪ್ರಜೆಯಲ್ಲ, ಫ್ರೆಂಚ್ ಪ್ರಜೆಯಲ್ಲ, ತಮ್ಮದೇ ನೆಲದಲ್ಲಿ ಯಾವ ದೇಶಕ್ಕೂ ಸೇರದವರು. ಅದೇ ದೇಶ ಈಗ ದುಡ್ಡಿಗೆ ಪೌರತ್ವ ಮಾರುತ್ತದೆ ಎಂದು ನಾವು ಮೂಗು ಮುರಿಯುತ್ತೇವೆ.

ಯುದ್ಧ ಮುಗಿದಾಗ ನಿಮ್ಮ ಬಳಿ ರಾಶಿ ರಾಶಿ ಯಂತ್ರ. ವಾಪಸು ಹೊತ್ತರೆ ಸಾಗಣೆ ಖರ್ಚು, ಹೊತ್ತೊಯ್ದು ಅಲ್ಲಿ ಮಾರಿದರೆ ನಿಮ್ಮ ಊರಿನ ಕಾರ್ಖಾನೆಯವರಿಗೆ ನಷ್ಟ. ಕವಡೆ ಕಾಸಿಗೆ ತೆಗೆದುಕೊಳ್ಳಿ ಎಂದು ಈ ಜೋಡಿ ಸರ್ಕಾರಕ್ಕೆ ಹೇಳಿದಿರಿ. ಅವರು ನಿಮಗಿಂತ ಜಾಣರು. ಹೇಗಿದ್ದರೂ ಬಿಟ್ಟು ಹೋಗುತ್ತಾರೆ, ಕಾಸು ಯಾಕೆ ಕೊಡಬೇಕು ಎಂದು ಸುಮ್ಮನೆ ಕೂತರು. ನಿಮಗೆ ಸಿಟ್ಟು ಬಂತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ನಮ್ಮಲ್ಲಿದೆ. ಕೋಡಂಗಿಯಾಗಲು ನೀವು ಒಪ್ಪಲಿಲ್ಲ, ಅವರನ್ನು ಈರಭದ್ರರಾಗಲು ಬಿಡಲಿಲ್ಲ. ಗೇರಿಗೆ ಹಾಕಿ, ಆಕ್ಸಿಲರೇಟರಿಗೆ ಒಂದು ಭಾರ ಇಟ್ಟು, ಕೆಳಗೆ ಜಿಗಿದಿರೋ, ಇಲ್ಲ ಹಿಂದಿನಿಂದ ಇನ್ನೊಂದು ಬುಲ್ಡೋಜರಿನಲ್ಲಿ ತಳ್ಳಿದಿರೋ, ಅಂತೂ ಎಲ್ಲವನ್ನೂ ನೀರುಪಾಲು ಮಾಡಿದಿರಿ. ಕೋಕಾಕೋಲಾ ಪೆಟ್ಟಿಗೆಗಳನ್ನೂ ಬಿಡಲಿಲ್ಲವಂತೆ. ಮಾರುಕಟ್ಟೆ ಎಂದರೇನು, ಬೆಲೆ ಎಂದರೇನು ಎಂದು ಕಾಲೇಜುಗಳಲ್ಲಿ ವರ್ಷಗಟ್ಟಲೆ ಪಾಠ ಮಾಡುತ್ತಾರೆ. ಈ ಇಳಿಜಾರಿಗೆ ಕರೆತಂದು ತೋರಿಸಿದರೆ ಒಂದು ಮಧ್ಯಾಹ್ನ ಸಾಕು.

ಈ ವ್ಯಾಪಾರದಲ್ಲಿ ಒಬ್ಬರನ್ನು ಮಾತ್ರ ಯಾರೂ ಕೇಳಲಿಲ್ಲ: ದ್ವೀಪದವರನ್ನು. ನಿಮ್ಮ ನೆಲೆಯಲ್ಲಿ ಮೂಟೆ ಹೊತ್ತವರು, ದಾರಿ ಕಡಿದವರು ಅವರು. ಅದಕ್ಕೂ ಹಿಂದೆ, 1863ರಿಂದ 1904ರವರೆಗೆ, ಈ ಕಡೆಯ ದ್ವೀಪಗಳಿಂದ ಸಾವಿರಾರು ಯುವಕರನ್ನು, ಕೆಲವರನ್ನು ಒಪ್ಪಿಸಿ, ಹಲವರನ್ನು ಮೋಸದಿಂದ, ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗೆ ಹಡಗು ಹತ್ತಿಸಿದ್ದರು. ಬಿಳಿಯರ ಹಡಗು ಏನು ತರುತ್ತದೆ, ಏನು ಒಯ್ಯುತ್ತದೆ ಎಂಬುದು ಅವರಿಗೆ ಅಜ್ಜಂದಿರ ಕಾಲದಿಂದ ಗೊತ್ತು. ಇದ್ದ ಯಂತ್ರವನ್ನು, ಕೊಳ್ಳುವವರಿಲ್ಲ ಎಂಬ ಕಾರಣಕ್ಕೆ, ಬೇಕಾದವರ ಕಣ್ಣೆದುರೇ ಮುಳುಗಿಸುವುದನ್ನು ಮಾತ್ರ ಅವರು ಮೊದಲ ಸಲ ನೋಡಿದ್ದಿರಬೇಕು. ಒಂದೇ ಒಂದು ಬುಲ್ಡೋಜರ್ ದಂಡೆಯಲ್ಲಿ ಬಿಟ್ಟಿದ್ದರೆ ಎಷ್ಟು ಹಳ್ಳಿಗೆ ರಸ್ತೆಯಾಗುತ್ತಿತ್ತು ಎಂದು ಕೇಳುವುದು ತಕರಾರಾಗುತ್ತದೆ. ಇದು ಧನ್ಯವಾದದ ಪತ್ರ.

ಇವತ್ತು ಅಲ್ಲಿ ಮುಖವಾಡ ಹಾಕಿಕೊಂಡು ತಲೆ ತಗ್ಗಿಸಿದರೆ ಸಾಕು, ಕೆಲವೇ ಮೀಟರ್ ಕೆಳಗಿನಿಂದಲೇ ಚಕ್ರ, ಸರಪಳಿ, ಎಂಜಿನ್ ಶುರುವಾಗುತ್ತವೆ. ಒಂದರ ಮೇಲೊಂದು ಬಿದ್ದ ಲಾರಿಗಳ ಸ್ಟಿಯರಿಂಗಿನಲ್ಲಿ ಹವಳ, ರೇಡಿಯೇಟರಿನಲ್ಲಿ ಗಿಣಿಮೀನು. ಟೈರುಗಳು ಇನ್ನೂ ಗಟ್ಟಿಮುಟ್ಟು. ಮೀನುಗಳಿಗೆ ಮನೆಯಾಯಿತಲ್ಲ ಎಂದು ಡೈವರುಗಳು ಸಮಾಧಾನ ಹೇಳುತ್ತಾರೆ. ಮನೆ ಬೇಕೆಂದು ಮೀನುಗಳು ಅರ್ಜಿ ಹಾಕಿದ್ದ ದಾಖಲೆ ಇಲ್ಲ.

ನಿಸರ್ಗದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರಲ್ಲಿ ನಿಮ್ಮ ಪಾಲು ಕಡಿಮೆ. ಸುಣ್ಣಕಲ್ಲಿನಡಿಯಿಂದ ಚಿಮ್ಮಿ ನಿಂತ ಸಿಹಿನೀರಿನ ನೀಲಿ ಕೊಳಗಳಿವೆ: ಮಟೆವುಲು, ನಂದಾ, ರಿರಿ. ರಿರಿಗೆ ಹೊಳೆಯಲ್ಲಿ, ಪಕ್ಕಕ್ಕೆ ತೇಲುಮರ ಕಟ್ಟಿದ ಮರದ ದೋಣಿಯಲ್ಲಿ ಹುಟ್ಟು ಹಾಕುತ್ತ ಹೋಗಬೇಕು; ಕೊನೆಯ ತಿರುವಿನಲ್ಲಿ ನೀರಿನ ಬಣ್ಣ ಬದಲಾಗುವುದನ್ನು ಬರೆದು ತಿಳಿಸಲು ನನ್ನಿಂದಾಗದು. ಉತ್ತರಕ್ಕೆ ಬಿಗ್ ಬೇ ಪಕ್ಕದ ವತ್ತೆ ಕಾಡನ್ನು ಊರವರೇ ಕಾಯುತ್ತಾರೆ. ಬೆಟ್ಟದ ನೆತ್ತಿಯಲ್ಲಿ ಈ ದ್ವೀಪ ಬಿಟ್ಟು ಬೇರೆಲ್ಲೂ ಇರದ ಒಂದು ಜಾತಿಯ ಕಬ್ಬಕ್ಕಿ ಇದೆ. 2006ರಲ್ಲಿ ಫ್ರಾನ್ಸಿನ ವಸ್ತುಸಂಗ್ರಹಾಲಯದವರು ನೂರಕ್ಕೂ ಹೆಚ್ಚು ವಿಜ್ಞಾನಿಗಳೊಂದಿಗೆ ಬಂದು ಗುಹೆ, ಹವಳ, ಬೆಟ್ಟ ಎಲ್ಲ ಜಾಲಾಡಿದರು. ತೆಂಗು ಮಾತ್ರ ನಮ್ಮವರಿಗೆ ಹೊಸದಲ್ಲ. ತಿಪಟೂರಿನವರು ಕಾಯಿಯನ್ನು ಇಡಿಯಾಗಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸುತ್ತಾರೆ, ಸಾಂಟೊದವರು ಒಡೆದು ಹೊಗೆಯಲ್ಲಿ ಒಣಗಿಸಿ ಎಣ್ಣೆ ಗಿರಣಿಗೆ ಕೊಡುತ್ತಾರೆ. ಬೆಲೆ ಬಿದ್ದಾಗ ಎರಡೂ ಕಡೆ ಬೈಗುಳ ಒಂದೇ. ಕಾಡನ್ನೆಲ್ಲ ಹೊದ್ದು ಮರಗಳ ಉಸಿರುಗಟ್ಟಿಸುವ ಒಂದು ಬಳ್ಳಿಯನ್ನು ತೋರಿಸಿ, ಇದನ್ನು ಮರೆಮಾಚಲಿಕ್ಕೆಂದು ನೀವೇ ತಂದು ನೆಟ್ಟಿರಿ ಎಂದು ಹೇಳುವವರಿದ್ದಾರೆ. ನಾನು ನಂಬಲಿಲ್ಲ. ನೀವು ಬಿಟ್ಟು ಹೋದದ್ದೇ ಇಷ್ಟಿರುವಾಗ, ಬಿಡದ್ದನ್ನೂ ನಿಮ್ಮ ತಲೆಗೆ ಕಟ್ಟುವುದು ಅನ್ಯಾಯ.

ನಮ್ಮ ಮನೆಯ ಬಾವಿಯನ್ನೂ ಇಣುಕಬೇಕಲ್ಲ. ಕರ್ನಾಟಕದಲ್ಲಿ ಡೈವಿಂಗ್ ಕಲಿಯುವವರು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗುತ್ತಾರೆ. ಅಷ್ಟು ಚೆಂದದ ಹವಳ, ಅಷ್ಟು ಬಗೆಯ ಮೀನು ನಮ್ಮ ಕರಾವಳಿಯಲ್ಲಿ ಬೇರೆಡೆ ಕಷ್ಟ. ಆ ದ್ವೀಪವನ್ನೇ ನಮ್ಮ ನೌಕಾಪಡೆ ಗುರಿ ಅಭ್ಯಾಸಕ್ಕೆ ಆರಿಸಿಕೊಂಡಿತ್ತು. ಮದ್ದುಗುಂಡಿನ ಚಿಪ್ಪು ನೋಡಲು ಶಾಂತಸಾಗರದವರೆಗೆ ಬರಬೇಕಿಲ್ಲ ಎಂಬ ಹೆಮ್ಮೆ ನಮಗೂ ಇದೆ.

ಮಾನ್ಯರೆ, ನಿಮ್ಮ ಪದ್ಧತಿ ನಿಂತಿಲ್ಲ. ಬೇಡವಾದದ್ದನ್ನು ಪಕ್ಕದವರ ಅಂಗಳಕ್ಕೆ ನೂಕುವ ಕೆಲಸ ಈಗ ಇಳಿಜಾರಿಲ್ಲದೆಯೇ, ಹೊಗೆಯ ರೂಪದಲ್ಲಿ ನಡೆಯುತ್ತಿದೆ. ನಾವು ಹಾರಿ ಬಂದ ವಿಮಾನಗಳದ್ದೂ ಅದರಲ್ಲಿ ಸೇರಿದೆ. 2020ರ ಏಪ್ರಿಲ್‌ನಲ್ಲಿ ಹೆರಾಲ್ಡ್ ಚಂಡಮಾರುತ ಸಾಂಟೊ ಮೇಲೆ ಬಂದೆರಗಿ ಲುಗನ್‌ವಿಲ್ ಊರಿಗೆ ಭಾರೀ ಹಾನಿ ಮಾಡಿತು. ಕೊರೋನಾ ಕಾಲವಾದ್ದರಿಂದ ಹೊರಗಿನ ನೆರವಿನ ತಂಡಗಳು ಬರುವಂತೆಯೂ ಇರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲೇ ರಾಜಧಾನಿ ಪೋರ್ಟ್ ವಿಲಾದ ಕಾನೂನು ತರಗತಿಯೊಂದರ 27 ವಿದ್ಯಾರ್ಥಿಗಳು ಹೊಗೆಯಿಂದ ಹವೆ ಕೆಡುವ ಈ ಬಾಬತ್ತನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬೇಕೆಂದು ಹೊರಟಿದ್ದರು. ಅವರ ಸರ್ಕಾರ ಅದನ್ನು ಕೈಗೆತ್ತಿಕೊಂಡು 2023ರಲ್ಲಿ ವಿಶ್ವಸಂಸ್ಥೆಯ ಒಪ್ಪಿಗೆ ಗಿಟ್ಟಿಸಿತು. ವಿಚಾರಣೆಯಲ್ಲಿ ನಿಮ್ಮ ದೇಶ, ಈಗಿರುವ ಒಪ್ಪಂದಗಳೇ ಸಾಕು ಎಂದಿತು. ನಮ್ಮ ದೇಶ ಶ್ರೀಮಂತರ ಕಡೆ ಬೆರಳು ತೋರಿಸಿದರೂ, ಅವುಗಳಾಚೆ ಹೊಸ ಹೊಣೆ ಬೇಡ ಎಂಬಲ್ಲಿ ನಿಮ್ಮ ಪಕ್ಕದಲ್ಲೇ ಕೂತಿತು. 2025ರ ಜುಲೈ 23ರಂದು ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯ ಹೇಳಿತು: ಹವೆಯನ್ನು ಕಾಯುವುದು ದೇಶಗಳ ಕಾನೂನುಬದ್ಧ ಹೊಣೆ, ತಪ್ಪಿದರೆ ಪರಿಹಾರ ಕೊಡಬೇಕಾಗಿ ಬರಬಹುದು.

ಕೊನೆಯದಾಗಿ ಒಂದು ದೂರು, ಇದು ನನ್ನದಲ್ಲ, ಸಹಪ್ರವಾಸಿಗಳದ್ದು. ಸಾಂಟೊದಲ್ಲಿ ಎಲ್ಲದಕ್ಕೂ ದುಡ್ಡು ಕೇಳುತ್ತಾರಂತೆ. ನೀಲಿ ಕೊಳಕ್ಕೆ ಪ್ರವೇಶ ಶುಲ್ಕ, ಶಾಂಪೇನ್ ಬೀಚಿಗೆ ಶುಲ್ಕ, ನಿಮ್ಮ ಮಿಲಿಯನ್ ಡಾಲರ್ ಪಾಯಿಂಟಿಗೂ ಶುಲ್ಕ. ಗುಜರಿ ನೋಡಲೂ ಟಿಕೆಟ್ಟೇ ಎಂದು ಹುಬ್ಬೇರಿಸುತ್ತಾರೆ. ಅದು ಸರ್ಕಾರದ ಟಿಕೆಟ್ಟಲ್ಲ. ದೇಶದ ನೆಲವೆಲ್ಲ ಮೂಲ ಒಡೆಯರಾದ ಸ್ಥಳೀಯರಿಗೆ ಮತ್ತು ಅವರ ವಂಶದವರಿಗೆ ಸೇರಿದ್ದು ಎಂದು 1980ರ ಸಂವಿಧಾನ ಬರೆದಿಟ್ಟಿದೆ. ತೋಟದ ದೊರೆಗಳ ಕೈಯಿಂದ ಆ ಮಾತು ಬಿಡಿಸಿಕೊಳ್ಳುವಾಗ ಇದೇ ಸಾಂಟೊದಲ್ಲಿ ಬಂಡಾಯವೆದ್ದು, ಪಪುವಾ ನ್ಯೂಗಿನಿಯ ಸೈನಿಕರು ಬಂದು ಅಡಗಿಸಬೇಕಾಯಿತು. ಬೇಲಿಯ ಬಳಿ ಮರದ ನೆರಳಲ್ಲಿ ಕೂತು ಕೈಚಾಚುವ ಹೆಂಗಸು ಆ ನೆಲದ ಯಜಮಾನರ ಮನೆಯವಳು. ನೀವು ಕವಡೆ ಕಾಸಿಗೆ ಕೊಡುತ್ತೇನೆಂದು, ಜೋಡಿ ಸರ್ಕಾರ ಅದನ್ನೂ ಕೊಡುವುದಿಲ್ಲವೆಂದು ಹಟ ಹಿಡಿದ ಜಾಗದಲ್ಲಿ, ಇಷ್ಟು ವರ್ಷಗಳ ಮೇಲೆ ಆಕೆ ಬಾಕಿ ವಸೂಲು ಮಾಡುತ್ತಿದ್ದಾಳೆ. ನೀವಂತೂ ಕೊಡಲು ಬರಲಾರಿರಿ. ಆದ್ದರಿಂದ ಈ ಪತ್ರವನ್ನು ನಿಮ್ಮ ಹೆಗಲ ಮೇಲಿಂದ ಇಣುಕಿ ಓದುತ್ತಿರುವ ಕನ್ನಡಿಗರಲ್ಲಿ ನನ್ನ ವಿನಂತಿ: ಸಾಂಟೊಗೆ ಹೋದರೆ ಆಕೆ ಕೇಳಿದಷ್ಟು ವಾಟು (ಅಲ್ಲಿನ ಹಣ) ಎಣಿಸಿ ಕೊಡಿ. ಗಾಂಧಿಬಜಾರಿನ ಚೌಕಾಸಿಯನ್ನು ಅಲ್ಲಿ ಮಾಡಬೇಡಿ.

ಇತಿ,
ನೀವು ಮುಳುಗಿಸಿದ್ದನ್ನು ನೋಡಲು ತಾನೂ ಮುಳುಗುವ ಒಬ್ಬ ಪ್ರವಾಸಿ